ಕಾಡಿನಲ್ಲಿ ಬೆನ್ನು ತಿರುಗಿಸಿ ನಿಂತವನು

"ನಾನು ತಪ್ಪು ಮಾಡೋನಲ್ಲ. ಆದರೂ ಒಂದು ಮಾತಿಗೆ, ಮಾಡಿದೆ ಅಂತಲೇ ಇಟ್ಕೊ. ಮಾಡಿದ ಮರುಗಳಿಗೆ ನಿನ್ನೆದುರು ಬಂದು ನಿಂತು ಒಪ್ಕೊಂಡುಬಿಡ್ತೀನಿ!"

ನಿವೃತ್ತ ನ್ಯಾಯಾಧೀಶರು ಈ ಘೋಷಣೆ ಮಾಡಿದ್ದು ಬೆಳಗಿನ ಕಾಫಿಯ ಹೊತ್ತಿನಲ್ಲಿ, ಬನಿಯನ್ನಿನಲ್ಲಿ. ಕಾನೂನು ಕಾಲೇಜಿನವರು ಅವರನ್ನು ಭಾಷಣಕ್ಕೆ ಕರೆದಿದ್ದರು. ವಿಷಯ: ತಪ್ಪೊಪ್ಪಿಗೆಯ ಘನತೆ. ಹಾಗಾಗಿ ಆ ವಾರವೆಲ್ಲ ಅವರ ಬಾಯಿಂದ ಹೊರಟ ಪ್ರತಿ ಮಾತೂ ಭಾಷಣವಾಗಿಯೇ ಹೊರಡುತ್ತಿತ್ತು. ಉಪ್ಪು ಕೇಳಿದರೂ ಅದಕ್ಕೊಂದು ಪೀಠಿಕೆ, ಒಂದು ಉಪಸಂಹಾರ!

ಎದುರು ಕುಳಿತಿದ್ದ ಹೆಂಡತಿ ಸಸ್ಯಶಾಸ್ತ್ರದ ನಿವೃತ್ತ ಪ್ರೊಫೆಸರ್. ಹೆಬ್ಬೆರಳಿಗೆ ಅಂಟಿದ್ದ ಹಸಿರು ಬಣ್ಣವನ್ನು ಹಳೆಯ ಬಟ್ಟೆಯಿಂದ ಉಜ್ಜುತ್ತಾ ಅವರು ಕೇಳಿದರು:

"ಹೋದ ವರ್ಷ ನನ್ನ ಗಾಜಿನ ಹೂದಾನಿ ಒಡೆದಿದ್ದು ಯಾರು?"

"ಗಾಳಿ."

"ಕಿಟಕಿ ಮುಚ್ಚಿತ್ತು."

"ಹಾಗಾದ್ರೆ ತಾನಾಗೇ ಒಡೆದಿರ್ಬೇಕು. ಹಳೇದು."

ಪ್ರೊಫೆಸರಮ್ಮ ಮತ್ತೆ ಹೆಬ್ಬೆರಳು ಉಜ್ಜತೊಡಗಿದರು. ಸಾಕ್ಷಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಗಂಡನಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ನಿವೃತ್ತಿಯಾದ ಮೇಲೆ ಕೆಲವರು ಪ್ರವಾಸ ಹೋಗುತ್ತಾರೆ, ಕೆಲವರು ನೆರೆಮನೆಯ ವಿಚಾರಣೆ ಕೈಗೆತ್ತಿಕೊಳ್ಳುತ್ತಾರೆ. ಪ್ರೊಫೆಸರಮ್ಮ ತೈಲಚಿತ್ರ ಕಲಿಯಲು ಹೊರಟಿದ್ದರು. ಅವರು ಬರೆಯುತ್ತಿದ್ದ ಕಾಡು ಮನೆಯ ಇಕ್ಕಟ್ಟಾದ ಪ್ಯಾಸೇಜಿನಲ್ಲಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ, ಆಳೆತ್ತರಕ್ಕೆ ನಿಂತಿತ್ತು. ಎಂಥ ಕಾಡು! ಯಾವ ಎಲೆ ಯಾವ ಮರದ್ದೆಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಬಹುದು. ತೊಗಟೆಯ ಬಿರುಕು ಸಹ ಪಠ್ಯಪುಸ್ತಕದಲ್ಲಿ ಇದ್ದಂತೆಯೇ ಇತ್ತು. ಚಿತ್ರಶಾಲೆಯಿಂದ ಕಲಿಸಲು ಬರುತ್ತಿದ್ದ ಚಿತ್ರದ ಮೇಷ್ಟ್ರು, ಗಡ್ಡದ ತರುಣ, ಅದನ್ನು ನೋಡಿದಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದ.

"ಅಮ್ಮ, ಇದು ಕಾಡಲ್ಲ, ಕ್ಲಾಸ್ ರೂಮು. ಎಲ್ಲ ಮರಗಳೂ 'ಪ್ರೆಸೆಂಟ್ ಮೇಡಂ' ಅಂತ ಎದ್ದು ನಿಂತಿವೆ. ಒಳಗೆ ಹೋಗೋಣ ಅಂತ ಅನ್ಸೋದೇ ಇಲ್ಲ. ಈ ಮಧ್ಯದಲ್ಲಿ ಮಂಜು ಇರ್ಲಿ. ಮಂಜಿನಲ್ಲಿ ಯಾರೋ ಇರ್ಬೇಕು."

"ಯಾರು?"

"ಅದು ನಿಮಗೇ ಹೊಳೆಯುತ್ತೆ."

"ಹೊಳೆದಾಗ ನೋಡೋಣ. ಗೊತ್ತಿಲ್ಲದ್ದನ್ನ ನಾನು ಬರೆಯೋಳಲ್ಲ."

ಹೀಗೆಂದವರ ಚಿತ್ರ ಚಿತ್ರಶಾಲೆಯ ವಾರ್ಷಿಕ ಪ್ರದರ್ಶನಕ್ಕೆ ಹೋದ ಸಲ ಆಯ್ಕೆಯಾಗಿರಲಿಲ್ಲ. ಪ್ರೊಫೆಸರಮ್ಮ ಜೀವಮಾನದಲ್ಲಿ ಫೇಲಾಗಿದ್ದು ಅದೊಂದೇ ಪರೀಕ್ಷೆ. ಬಾಯಿಬಿಟ್ಟು ಹೇಳದಿದ್ದರೂ ಆ ಗೋಡೆಯ ಮೇಲೆ ಒಮ್ಮೆ ತಮ್ಮ ಕಾಡು ತೂಗಬೇಕೆಂಬ ಆಸೆ ಅವರಿಗೆ ಬಲವಾಗಿಯೇ ಇತ್ತು. ಅದಕ್ಕೇ ಮೇಷ್ಟ್ರ ಮಾತಿನಂತೆ, ಒಣಗಿದ ಕಡುಗಂದು ಬಣ್ಣದ ಮೇಲೆ ಮಂಜಿನ ಬಿಳಿಯನ್ನು ಚಾಕುವಿನಿಂದ ದಪ್ಪಗೆ ಬಳಿದಿದ್ದರು.

"ಮಂಜು ಇನ್ನೂ ಹಸಿ," ಎಂದು ಹೊರಡುವ ಮುನ್ನ ಗಂಡನಿಗೆ ಎಚ್ಚರಿಸಿದರು. "ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಬೆಣ್ಣೆ. ಆ ಕಡೆ ಸುಳೀಬೇಡಿ."

"ಯಾರಿಗೆ ಹೇಳ್ತಿದೀಯ? ಕೊಲೆ ಮಾಡಿದ ಕತ್ತಿ ನನ್ನ ಮೇಜಿನ ಮೇಲೇ ಇದ್ದಾಗಲೂ ಬೆರಳು ತಾಗಿಸದ ಮನುಷ್ಯ ನಾನು!"

ಮಾತು ನಿಜವೇ. ಮುಂದೆ ನಡೆದದ್ದರಲ್ಲೂ ಅವರ ಬೆರಳು ತಾಗಲೇ ಇಲ್ಲ.

ಹೆಂಡತಿ ಬಣ್ಣದ ಅಂಗಡಿಗೆ ಹೋದ ಮೇಲೆ ನ್ಯಾಯಾಧೀಶರು ಪೆಟ್ಟಿಗೆಯಿಂದ ತಮ್ಮ ಕರಿಯ ಉಣ್ಣೆ ಕೋಟನ್ನು ತೆಗೆದರು. ಭಾಷಣಕ್ಕೆ ಬೇಕಲ್ಲ! ಹಾಕಿಕೊಂಡರು. ತೋಳು ಬಂತು, ಹೆಗಲು ಬಂತು, ಗುಂಡಿಗಳು ಮಾತ್ರ ತಮ್ಮ ಕಾಜಗಳಿಂದ ಬಹಳ ದೂರದಲ್ಲಿದ್ದವು. ಉಸಿರು ಒಳಗೆಳೆದು, ಹೊಟ್ಟೆಗೆ ತಡೆಯಾಜ್ಞೆ ಕೊಟ್ಟು, ಅಂತೂ ಗುಂಡಿ ಹಾಕಿದರು. ಇನ್ನು ಕನ್ನಡಿ ನೋಡಬೇಕು. ಮನೆಯಲ್ಲಿ ದೊಡ್ಡ ಕನ್ನಡಿ ಇದ್ದದ್ದು ಪ್ಯಾಸೇಜಿನಲ್ಲಿ, ಕಾಡಿಗೆ ಎದುರಾಗಿ.

ಕನ್ನಡಿಯಲ್ಲಿ ಮೊದಲು ಕಂಡಿದ್ದು ಬರಿಯ ಹೊಟ್ಟೆ. ಒಂದು ಹೆಜ್ಜೆ ಹಿಂದೆ ಸರಿದರು. ಎದೆಯೂ ಕಂಡಿತು. ಇನ್ನೊಂದು ಹೆಜ್ಜೆ. ಆಹಾ, ಮುಖವೂ ಬಂತು! ಆದರೆ ಕಾಲು ಇನ್ನೂ ಹೊರಗೇ ಇತ್ತು. ಕಾಲಿಲ್ಲದ ನ್ಯಾಯಾಧೀಶ ಎಂಥ ನ್ಯಾಯಾಧೀಶ? ತಲೆಯನ್ನು ಘನತೆಯಿಂದ ಹಿಂದಕ್ಕೆ ಎತ್ತಿ, "ವಿದ್ಯಾರ್ಥಿಗಳೇ, ತಪ್ಪೊಪ್ಪಿಗೆಯೆಂದರೆ..." ಎನ್ನುತ್ತಾ ಮತ್ತೊಂದು ಹೆಜ್ಜೆ ಹಿಂದಿಟ್ಟರು.

ಪಚಕ್!

ಬೆನ್ನಿಗೆ ತಣ್ಣಗಾಯಿತು. ಬೋಳುತಲೆಗೆ ಇನ್ನೂ ತಣ್ಣಗಾಯಿತು. ಮುಂದಕ್ಕೆ ಬರಲು ನೋಡಿದರು, ಕಾಡೂ ಜೊತೆಗೇ ಹೊರಟಿತು. ಕೈ ಹಿಂದಕ್ಕೆ ಚಾಚಿ ಸ್ಟ್ಯಾಂಡನ್ನು ಹಿಡಿದು, ಗೋಡೆಗೆ ಅಂಟಿಸಿದ ಭಿತ್ತಿಪತ್ರ ಕೀಳುವ ಹಾಗೆ ತಮ್ಮನ್ನು ತಾವೇ ಕಿತ್ತುಕೊಂಡರು. ತಿರುಗಿ ನೋಡಿದರು.

ಮಂಜಿನ ನಡುವೆ ಒಬ್ಬ ಮನುಷ್ಯ ನಿಂತಿದ್ದ! ಉಣ್ಣೆ ಕೋಟು ಬಿಳಿಯ ಬಣ್ಣವನ್ನೆಲ್ಲ ಹೀರಿಕೊಂಡು ಬಂದಿದ್ದರಿಂದ ಅಡಿಯ ಕಡುಗಂದು ಹೊರಬಿದ್ದು ಹೆಗಲಾಗಿತ್ತು, ಬೆನ್ನಾಗಿತ್ತು, ಕೆಳಗೆ ಅಗಲವಾಗುತ್ತಾ ಹೋದ ನಿಲುವಂಗಿಯಾಗಿತ್ತು. ಬೋಳುತಲೆ ಮಾತ್ರ ಬಣ್ಣವನ್ನು ಹೀರದೆ ಸುಮ್ಮನೆ ಒತ್ತಿ ನಯಮಾಡಿತ್ತು. ಹೆಗಲ ಮೇಲೆ ಚಂದ್ರನಂತೆ ಒಂದು ಬೆಳ್ಳನೆಯ ಗುಂಡು ಹೊಳೆಯುತ್ತಿತ್ತು.

ಮರುಗಳಿಗೆ ಒಪ್ಪಿಕೊಳ್ಳಬೇಕಿದ್ದವರು ಮರುಗಳಿಗೆ ಮಾಡಿದ್ದೇನು? ಕೋಟನ್ನು ಮಡಚಿ ಕಪ್ಪು ಚೀಲಕ್ಕೆ ತುರುಕಿದರು. ಬೀದಿಯಲ್ಲಿ ಕಸದ ಗಾಡಿ ಬಂದಿದ್ದೇ ತಡ, ಮೆಟ್ಟಿಲಿಳಿದು ಓಡಿದರು. ನಂತರ ಹೆಂಡತಿಯ ಟರ್ಪೆಂಟೈನ್ ಬಾಟಲಿಯಿಂದ ತಲೆ ಉಜ್ಜಿದರು. ಸಾಕ್ಷ್ಯ ನಾಶ ಮಾಡಿದ ಎಷ್ಟು ಜನ ತಮ್ಮೆದುರು ಕಟಕಟೆಯಲ್ಲಿ ನಿಂತು ನಡುಗಿದ್ದರು! ಅವರನ್ನೆಲ್ಲ 'ಮೂರ್ಖರು' ಎಂದುಕೊಂಡಿದ್ದ ನ್ಯಾಯಾಧೀಶರು ಈಗ ಅವರಷ್ಟೂ ಕೌಶಲವಿಲ್ಲದೆ ಅದೇ ಕೆಲಸ ಮಾಡಿದರು.

ಹೆಂಡತಿ ಬಂದದ್ದು ಚಿತ್ರದ ಮೇಷ್ಟ್ರ ಜೊತೆಯಲ್ಲೇ. ಬಾಗಿಲಲ್ಲೇ ಸಿಕ್ಕರಂತೆ. ಅವರು ಅಡುಗೆಮನೆಗೆ ಹೋದರು, ಮೇಷ್ಟ್ರು ಪ್ಯಾಸೇಜಿಗೆ ಬಂದ. ಬಂದವನು ಹಾಗೇ ನಿಂತುಬಿಟ್ಟ.

"ಅಮ್ಮ!" ಎಂದು ಕೂಗಿದ. "ಕೊನೆಗೂ ಬಂದನಲ್ಲಮ್ಮ!"

"ಯಾರು ಬಂದ?" ಎನ್ನುತ್ತಾ ಪ್ರೊಫೆಸರಮ್ಮ ಕಾಫಿ ಲೋಟ ಹಿಡಿದು ಬಂದರು. ಚಿತ್ರ ನೋಡಿದರು. ಲೋಟ ಅರ್ಧದಲ್ಲೇ ನಿಂತಿತು.

"ಬ್ರಶ್ಶನ್ನೇ ಮುಟ್ಟಿಲ್ಲ! ಬಟ್ಟೆ ಒತ್ತಿ ಬಣ್ಣ ಎತ್ತಿದೀರಿ. ನೇಯ್ಗೆ ಸಹ ಮೂಡಿದೆ, ನೋಡಿ! ಮತ್ತೆ ಈ ತಲೆ! ಮುಖಾನೂ ಅಲ್ಲ, ಬೆಳಕೂ ಅಲ್ಲ. ಯಾರಮ್ಮ ಇವನು? ಋಷಿಯೋ? ಕಳ್ಳನೋ?"

ಮೂಲೆಯ ಕುರ್ಚಿಯಲ್ಲಿ ಪತ್ರಿಕೆಯ ಹಿಂದೆ ಅಡಗಿದ್ದ ಋಷಿಯೋ ಕಳ್ಳನೋ ಉಸಿರು ಬಿಗಿಹಿಡಿದ.

"ಯಾವಾಗ ಹಾಕಿದ್ರಿ?"

ಪ್ರೊಫೆಸರಮ್ಮ ಬಹಳ ಹೊತ್ತು ಚಿತ್ರವನ್ನೇ ನೋಡಿದರು. ಮತ್ತೆ ಸ್ಟ್ಯಾಂಡಿಗೆ ನೇತುಹಾಕಿದ್ದ ತಮ್ಮ ಬಣ್ಣದ ಬಟ್ಟೆಯನ್ನು ನೋಡಿದರು.

"ಬೆಳಿಗ್ಗೆ," ಎಂದರು.

ಪತ್ರಿಕೆ ನ್ಯಾಯಾಧೀಶರ ಕೈಜಾರಿತು. ಸುಳ್ಳು! ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ! ಪರರ ಬೆನ್ನನ್ನು ತನ್ನ ಪ್ರತಿಭೆಯೆಂದು ಹೇಳಿಕೊಳ್ಳುತ್ತಿದ್ದಾಳೆ!

ಮೇಷ್ಟ್ರು ಹೋದ ಮೇಲೆ ಪ್ರೊಫೆಸರಮ್ಮ ಒಮ್ಮೆ ಮಾತ್ರ ಕೇಳಿದರು:

"ರೀ, ನೀವು ಈ ಕಡೆ ಬಂದಿದ್ರಾ?"

"ಇಲ್ಲವೇ ಇಲ್ಲ," ಎಂದರು ನ್ಯಾಯಾಧೀಶರು. ಅಷ್ಟು ಸ್ಪಷ್ಟ ಉಚ್ಚಾರಣೆ ಅವರಿಗೆ ತೀರ್ಪು ಓದುವಾಗಲೂ ಬಂದಿರಲಿಲ್ಲ.

"ಏನದು, ಟರ್ಪೆಂಟೈನ್ ವಾಸನೆ?"

"ತಲೆನೋವಿಗೆ ಹಚ್ಕೊಂಡೆ."

ಪ್ರೊಫೆಸರಮ್ಮ ತಲೆಯಾಡಿಸಿ ಒಳಗೆ ಹೋದರು. ಬೇರೆ ದಿನವಾಗಿದ್ದರೆ ಈ ಉತ್ತರವನ್ನು ಚಿಂದಿ ಮಾಡುತ್ತಿದ್ದರು. ಗೆದ್ದ ಖುಷಿಯಲ್ಲಿದ್ದ ನ್ಯಾಯಾಧೀಶರಿಗೆ ಅದು ಹೊಳೆಯಲಿಲ್ಲ. ಅವರು ತಮ್ಮೊಳಗೇ ಮೊಕದ್ದಮೆ ನಡೆಸಿ, ಎರಡೂ ಕಡೆಯ ವಾದ ತಾವೇ ಕೇಳಿ, 'ಆಕೆಯೂ ಸುಳ್ಳು ಹೇಳಿದ್ದಾಳೆ, ನಾನೂ ಹೇಳಿದ್ದೇನೆ, ಲೆಕ್ಕ ಚುಕ್ತಾ' ಎಂದು ಖುಲಾಸೆ ಮಾಡಿಕೊಂಡರು. ಅಷ್ಟಕ್ಕೆ ನಿಲ್ಲಲಿಲ್ಲ. ಚಿತ್ರ ಪ್ರದರ್ಶನಕ್ಕೆ ಆಯ್ಕೆಯಾದ ಸುದ್ದಿ ಬಂದಾಗ ಅವರಿಗೆ ಸಣ್ಣದೊಂದು ಹೊಟ್ಟೆಕಿಚ್ಚೂ ಹುಟ್ಟಿತು. ಕಷ್ಟಪಟ್ಟಿದ್ದು ಯಾರ ಬೆನ್ನು, ಹೆಸರು ಯಾರಿಗೆ!

ಇತ್ತ ಮನೆಯಲ್ಲಿ ವಿಚಿತ್ರಗಳು ಶುರುವಾದವು. ಪ್ರೊಫೆಸರಮ್ಮ ಬೀಗ ಹಾಕಿ ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಬೀಗ ಎಳೆದು ನೋಡುತ್ತಿದ್ದರು. ಗ್ಯಾಸ್ ಆರಿಸಿದ್ದೇನಾ ಎಂದು ಗಂಡನನ್ನು ಕೇಳುತ್ತಿದ್ದರು. ಗಂಡನನ್ನು! ಪಾತ್ರೆ ತೊಳೆಯುತ್ತಾ ಗಿಡಗಳ ಶಾಸ್ತ್ರೀಯ ಹೆಸರುಗಳನ್ನು ಒಂದಾದ ಮೇಲೊಂದು ಗೊಣಗುತ್ತಿದ್ದರು. ಎಲ್ಲಾದರೂ ತಡವರಿಸಿದರೆ ನಲ್ಲಿ ನಿಲ್ಲಿಸಿ, ನೆನಪಾಗುವವರೆಗೂ ಹಾಗೇ ನಿಂತಿರುತ್ತಿದ್ದರು. ಪ್ರದರ್ಶನದ ಭಾಷಣಕ್ಕೆ ತಯಾರಿ ನಡೆದಿದೆ ಎಂದುಕೊಂಡು ನ್ಯಾಯಾಧೀಶರು ಒಳಗೊಳಗೇ ನಕ್ಕರು. ನಗು ಎಂಬುದು ಹೀಗೆ ತಪ್ಪು ಜಾಗದಲ್ಲಿ ಬರುವುದು ಗಂಡಸರಲ್ಲಿ ಹೆಚ್ಚು.

ಆ ನಗು ಆರಿಸಿದವನು ಕೆಳಗಿನ ಮನೆಯ ಡಾಕ್ಟರು, ಪ್ರೊಫೆಸರಮ್ಮನ ಸ್ವಂತ ತಮ್ಮ. ಅಕ್ಕ ಚಿತ್ರಶಾಲೆಗೆ ಹೋದ ಹೊತ್ತು ನೋಡಿ ಮೇಲೆ ಬಂದ.

"ಭಾವ, ನಾನು ಹೇಳಿದೆ ಅಂತ ಅಕ್ಕನಿಗೆ ಗೊತ್ತಾಗ್ಬಾರ್ದು. ಅವಳು ನನ್ನ ಹತ್ರ ಬಂದಿದ್ಲು. ತಲೆ ಪರೀಕ್ಷೆ ಮಾಡು ಅಂದ್ಲು."

"ಯಾರ ತಲೆ?"

"ಅವಳದ್ದೇ! ಮರೆವು ಶುರುವಾಗಿದೆಯಂತೆ. ನಾನು ಕೇಳಿದ್ದಕ್ಕೆಲ್ಲ ಪಟಪಟ ಅಂತ ಉತ್ತರ ಕೊಟ್ಲು, ನಾನು ಮರೆತಿದ್ದನ್ನೂ ಹೇಳಿಕೊಟ್ಲು. ಆದ್ರೂ ಕೇಳ್ತಿಲ್ಲ. ಆ ಕಾಡಿನ ಚಿತ್ರದಲ್ಲಿ ಒಬ್ಬ ಮನುಷ್ಯ ಇದಾನಲ್ಲ, ಅವನನ್ನ ಬರೆದಿದ್ದು ಅವಳಿಗೆ ಸ್ವಲ್ಪವೂ ನೆನಪಿಲ್ವಂತೆ. 'ಇಡೀ ಮನುಷ್ಯನನ್ನೇ ಬರೆದು ಮರೆತಿದೀನಿ ಕಣೋ' ಅಂದ್ಲು."

ನ್ಯಾಯಾಧೀಶರು ಕುರ್ಚಿಯ ತುದಿಗೆ ಸರಿದರು. "ಮತ್ತೆ... ಮತ್ತೆ ಬೆಳಿಗ್ಗೆ ಬರೆದೆ ಅಂತ ಹೇಳಿದ್ಲಲ್ಲ?"

"ನಾಚಿಕೆ ಭಾವ! ಮೇಷ್ಟ್ರ ಎದುರು 'ನೆನಪಿಲ್ಲ' ಅನ್ನೋಕಾಗತ್ತಾ? ಮನೇಲಿ ಬೇರೆ ಯಾರೂ ಇರ್ಲಿಲ್ಲ, ನೀವಂತೂ ಆ ಕಡೆ ಸುಳಿದೇ ಇಲ್ಲ ಅಂದ್ರಂತೆ. ಅಂದ್ಮೇಲೆ ಉಳಿದಿದ್ದು ಯಾರು? ನಮ್ಮ ಸೋದರತ್ತೆಗೂ ಹೀಗೇ ಶುರುವಾಗಿದ್ದು. ತಾನೇ ಹೆಣೆದ ಸ್ವೆಟರ್ ಹಿಡ್ಕೊಂಡು 'ಇದು ಯಾರು ಹೆಣೆದಿದ್ದು' ಅಂತ ಕೇಳೋರು. ಕೊನೆಗೆ ತಾವೇ ಸಾಕಿ ಬೆಳೆಸಿದ ಅಕ್ಕನನ್ನೇ 'ಯಾರಮ್ಮ ನೀನು' ಅಂದ್ರು. ಅವಳಿಗೆ ಅದೇ ಭಯ. ಇವತ್ತು ಮೇಷ್ಟ್ರಿಗೆ ಪ್ರದರ್ಶನಕ್ಕೆ ಚಿತ್ರ ಕೊಡಲ್ಲ, ಪಾಠಾನೂ ಬಿಡ್ತೀನಿ ಅಂತ ಹೇಳೋಕೇ ಹೋಗಿದಾಳೆ."

ನ್ಯಾಯಾಧೀಶರು ಎದ್ದು ನಿಂತರು. ಕೂತರು. ತಾವು ಗೊಣಗಾಟವೆಂದು ನಕ್ಕ ಒಂದೊಂದು ಗಿಡದ ಹೆಸರೂ ಈಗ ಒಂದೊಂದಾಗಿ ಬಂದು ಕೆನ್ನೆಗೆ ಹೊಡೆಯಿತು. ಹೂದಾನಿ ಒಡೆದರೆ ಹೂದಾನಿ ಹೋಗುತ್ತದೆ, ಅಷ್ಟೇ. ಈ ಸಲ ಅವರು ಬೇರೇನನ್ನೋ ಒಡೆದಿದ್ದರು, ಒಡೆದವಳು ನೀನೇ ಎಂದು ಆಕೆಯನ್ನೇ ನಂಬಿಸಿದ್ದರು.

ಪ್ರೊಫೆಸರಮ್ಮ ಮನೆಗೆ ಬಂದಾಗ ನ್ಯಾಯಾಧೀಶರು ಅಡುಗೆಮನೆಗೆ ಹೋದರು. ನೀರು ಕೇಳಿ ಕುಡಿದು ವಾಪಸಾದರು. ಮತ್ತೆ ಹೋದರು. ಮತ್ತೆ ನೀರು. ಮೂರನೆಯ ಲೋಟ ಕೈಗಿಡುತ್ತಾ ಹೆಂಡತಿ, "ಸಕ್ಕರೆ ಕಾಯಿಲೆ ಏನಾದ್ರೂ ಇದೆಯಾ?" ಎಂದಾಗ ಮಾತು ತಾನಾಗಿ ಹೊರಬಿತ್ತು.

"ಆ ಮನುಷ್ಯ ನಾನು!"

"ಯಾವ ಮನುಷ್ಯ?"

"ಕಾಡಲ್ಲಿ ಇರೋನು. ನೀನು ಬರೆದಿಲ್ಲ. ಕೋಟು ಹಾಕ್ಕೊಂಡು ಕನ್ನಡಿ ನೋಡ್ತಾ ಹಿಂದೆ ಸರಿದೆ. ಅಂಟ್ಕೊಂಡೆ. ಅದು ನನ್ನ ಬೆನ್ನು."

ಪ್ರೊಫೆಸರಮ್ಮ ಒಂದು ನಿಮಿಷ ಗಂಡನ ಮುಖವನ್ನೇ ನೋಡಿದರು. ಆಮೇಲೆ ಆಗಿದ್ದು ಘೋರ. ಅವರ ಕಣ್ಣು ಒದ್ದೆಯಾಯಿತು.

"ನನ್ನ ತಮ್ಮ ಬಾಯಿಬಿಟ್ಟ ಅಲ್ವಾ?" ಎಂದರು. "ನನಗೆ ಸಮಾಧಾನ ಆಗ್ಲಿ ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದೀರಿ. ನೀವು ಇಷ್ಟು ಒಳ್ಳೆಯೋರು ಅಂತ ನನಗೆ ಗೊತ್ತಿರ್ಲಿಲ್ಲ."

"ಅಯ್ಯೋ, ಒಳ್ಳೆಯೋನಲ್ಲ! ನಿಜವಾಗ್ಲೂ ನಾನೇ!"

"ಸಾಕು ಬಿಡಿ. ಮದುವೆಯಾದಾಗಿನಿಂದ ಒಂದು ಲೋಟ ಒಡೆದಿದ್ದನ್ನೂ ಒಪ್ಕೊಂಡೋರಲ್ಲ. ಅಂಥೋರು ಇವತ್ತು ತಾವಾಗೇ ಒಪ್ಕೊಳ್ತಿದೀರಿ ಅಂದ್ರೆ, ನೀವು ಮಾಡಿಲ್ಲ ಅಂತಲೇ ಅರ್ಥ."

ತರ್ಕದಲ್ಲಿ ಎಳ್ಳಷ್ಟೂ ಬಿರುಕಿರಲಿಲ್ಲ. ಹೆಂಡತಿ ಗಂಡನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಬೈದಿದ್ದರೆ ಸಹಿಸಬಹುದಿತ್ತು. ಹೊಡೆದಿದ್ದರೂ ಸಹಿಸಬಹುದಿತ್ತು. ಮಾಡಿದ ಪಾಪಕ್ಕೆ ತ್ಯಾಗಿಯ ಪಟ್ಟ! ನ್ಯಾಯಾಧೀಶರಿಗೆ ನೆಲ ಬಿರಿದು ತಮ್ಮನ್ನು ನುಂಗಬಾರದೇ ಎನಿಸಿತು.

"ಕೋಟು ತೋರಿಸಿ, ನೋಡೋಣ," ಎಂದರು ಪ್ರೊಫೆಸರಮ್ಮ, ಮಗುವಿಗೆ ಹೇಳುವ ಹಾಗೆ.

"ಕಸದ ಗಾಡಿಗೆ ಹಾಕಿದೆ."

"ಹ್ಞೂಂ," ಎಂದು ಅವರು ಇನ್ನಷ್ಟು ಮೃದುವಾಗಿ ಕೈ ತಟ್ಟಿದರು.

ಉಳಿದಿದ್ದ ದಾರಿ ಒಂದೇ. ನ್ಯಾಯಾಧೀಶರು ಕೆಳಗೆ ಓಡಿ ಭಾವಮೈದುನನನ್ನೂ ಅವನ ಉಣ್ಣೆ ಕೋಟನ್ನೂ ಎಳೆದುಕೊಂಡು ಬಂದರು. "ಭಾವ, ಅದು ನನ್ನ ಒಳ್ಳೆ ಕೋಟು! ಮದುವೆ ಮುಂಜಿಗೆ ಅಂತ ಇಟ್ಟಿದೀನಿ!" ಎಂದು ಅವನು ಬಡಬಡಿಸುತ್ತಲೇ ಇದ್ದ. ಹೆಂಡತಿ ಮುಂದಿನ ಚಿತ್ರಕ್ಕೆಂದು ಕಡುಗಂದು ಬಣ್ಣ ಬಳಿದು ಒಣಗಿಸಿಟ್ಟಿದ್ದ ಕ್ಯಾನ್ವಾಸನ್ನು ನ್ಯಾಯಾಧೀಶರು ಸ್ಟ್ಯಾಂಡಿಗೇರಿಸಿದರು. ಬಿಳಿ ಬಣ್ಣದ ಟ್ಯೂಬುಗಳನ್ನೆಲ್ಲ ಹಿಂಡಿ ತಾವೇ ಬಳಿದರು. ಕೋಟು ತೊಟ್ಟು ಕನ್ನಡಿಯೆದುರು ನಿಂತರು.

"ಇಬ್ಬರೂ ಸಾಕ್ಷಿ. ನೋಡ್ತಿರಿ!"

ಒಂದು ಹೆಜ್ಜೆ ಹಿಂದೆ. ಇನ್ನೊಂದು. ಪಚಕ್! ತಲೆಯನ್ನೂ ಚೆನ್ನಾಗಿ ಒತ್ತಿದರು. ಹೆಂಡತಿಗಾಗಿ ಅವರು ಅಷ್ಟು ಮನಸ್ಸಿಟ್ಟು ಮಾಡಿದ ಕೆಲಸ ಬೇರೊಂದಿರಲಿಲ್ಲ.

ಬಿಡಿಸಿಕೊಂಡು ಪಕ್ಕಕ್ಕೆ ಸರಿದಾಗ ಅಲ್ಲೊಬ್ಬ ನಿಂತಿದ್ದ. ಕಾಡಿಲ್ಲದ ಬಯಲಿನಲ್ಲಿ ಅದೇ ಹೆಗಲು, ಅದೇ ಬೆಳ್ಳನೆಯ ಗುಂಡು.

ಪ್ರೊಫೆಸರಮ್ಮ ಕನ್ನಡಕ ಹಾಕಿಕೊಂಡರು. ಗೋಡೆಗೆ ಒರಗಿಸಿಟ್ಟಿದ್ದ ಕಾಡಿನ ಚಿತ್ರವನ್ನು ಪಕ್ಕಕ್ಕೆ ತಂದರು. ಆ ತಲೆ ನೋಡಿದರು, ಈ ತಲೆ ನೋಡಿದರು. ಆಮೇಲೆ ಗಂಡನ ತಲೆಯನ್ನೇ ಕಿವಿ ಹಿಡಿದು ಬೆಳಕಿಗೆ ಬಗ್ಗಿಸಿ, ಎಲೆಯ ಮಾದರಿ ಪರೀಕ್ಷಿಸುವಂತೆ ಬೆರಳಾಡಿಸಿ ನೋಡಿದರು.

"ಬಲಗಿವಿಯ ಹಿಂದೆ ತಗ್ಗು," ಎಂದರು ನಿಧಾನವಾಗಿ. "ಅದರ ಕೆಳಗೆ ನರಹುಲಿ. ಎರಡರಲ್ಲೂ ಇದೆ."

ಕುರ್ಚಿ ಎಳೆದುಕೊಂಡು ಕುಳಿತರು.

"ನನಗೇನೂ ಆಗಿಲ್ಲ," ಎಂದರು, ತಮಗೆ ತಾವೇ. ಮತ್ತೊಮ್ಮೆ, "ನನಗೇನೂ ಆಗಿಲ್ಲ ಕಣೋ," ಎಂದು ತಮ್ಮನಿಗೆ ಹೇಳಿದರು. ಅವನು ಕೋಟಿನ ದುಃಖ ಮರೆತು ಅಕ್ಕನ ಹೆಗಲ ಮೇಲೆ ಕೈಯಿಟ್ಟ. ನ್ಯಾಯಾಧೀಶರು ತಲೆಯಿಂದ ಬಿಳಿ ಬಣ್ಣ ತೊಟ್ಟಿಕ್ಕಿಸುತ್ತಾ ನಿಂತೇ ಇದ್ದರು.

ಬೈಗುಳ ಬರಲಿಲ್ಲ. ಬರುತ್ತದೆಂದು ಅವರು ಹೆಗಲು ಕುಗ್ಗಿಸಿ ಕಾಯುತ್ತಿದ್ದರು.

"ದಿನಾ ಬೆಳಿಗ್ಗೆ ಎದ್ದ ತಕ್ಷಣ," ಎಂದರು ಪ್ರೊಫೆಸರಮ್ಮ, "ನಿಮ್ಮ ಮುಖ ನೋಡ್ತಿದ್ದೆ. ಇನ್ನೂ ಗುರುತು ಸಿಗ್ತಿದೆ ಅಂತ ಖಾತ್ರಿ ಮಾಡ್ಕೊಳ್ಳೋಕೆ."

ನ್ಯಾಯಾಧೀಶರು ಬಗ್ಗಿ, ನೆಲಕ್ಕೆ ತೊಟ್ಟಿಕ್ಕಿದ್ದ ಬಣ್ಣ ಒರೆಸತೊಡಗಿದರು. ಕಾನೂನು ಕಾಲೇಜಿಗೆ ಅವರು ಆ ಸಂಜೆಯೇ ಫೋನು ಮಾಡಿ, ಆ ವಿಷಯದಲ್ಲಿ ಮಾತಾಡುವ ಯೋಗ್ಯತೆ ತಮಗಿಲ್ಲವೆಂದು ತಿಳಿಸಿದರು. ಅತ್ತ ಕಡೆಯವರು ಅದನ್ನು ವಿನಯವೆಂದು ಭಾವಿಸಿ ಹೊಗಳಿದರು. ಆ ವಾರ ಅವರ ಮಾತನ್ನು ಯಾರೂ ನಂಬುವಂತಿರಲಿಲ್ಲ.

ಪ್ರೊಫೆಸರಮ್ಮ ಮೇಷ್ಟ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಗಡ್ಡ ಕೆರೆದುಕೊಂಡು, "ಆದ್ರೂ ಅವನಿಲ್ಲದಿದ್ರೆ ಅದು ಮತ್ತೆ ಕ್ಲಾಸ್ ರೂಮೇ ಆಗುತ್ತಮ್ಮ," ಎಂದ.

"ಅದು ನನಗೂ ಗೊತ್ತು. ಅವನು ಇರ್ಲಿ," ಎಂದರು ಪ್ರೊಫೆಸರಮ್ಮ. "ಆದ್ರೆ ಯಾರ ಕೆಲಸ ಅನ್ನೋದು ನೋಡೋರಿಗೆಲ್ಲ ಗೊತ್ತಾಗ್ಬೇಕು. ನಾನು ಮಾಡದೇ ಇರೋದಕ್ಕೆ ಹೊಗಳಿಕೆ ನನಗೆ ಬೇಡ. ಹೇಳೋಕೆ ಜನ ಇದಾರೆ."

ಆ ಜನ ಪ್ರದರ್ಶನದ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಚಿತ್ರದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಕುರ್ಚಿ ಕೊಡಬಾರದೆಂದು ಆಜ್ಞೆಯಾಗಿತ್ತು. ಬಂದವರೆಲ್ಲ ಆ ಚಿತ್ರದ ಮುಂದೆಯೇ ನಿಲ್ಲುತ್ತಿದ್ದರು. "ಯಾರಿವನು? ಏನಿದರ ಗೂಢಾರ್ಥ?" ಎಂದು ಕೇಳುತ್ತಿದ್ದರು. ಪ್ರೊಫೆಸರಮ್ಮ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಗಂಡನತ್ತ ಕೈ ತೋರಿಸುತ್ತಿದ್ದರು. ನ್ಯಾಯಾಧೀಶರು ಹೊಟ್ಟೆಯಿಂದ ಶುರುಮಾಡಿ ಕಸದ ಗಾಡಿ, ತಲೆನೋವಿನ ಸುಳ್ಳಿನವರೆಗೆ ಎಲ್ಲವನ್ನೂ ಹೇಳುತ್ತಿದ್ದರು. ಜನ ನಗುತ್ತಿದ್ದರು. ನಕ್ಕಷ್ಟೂ ಅವರ ಕಿವಿ ಕೆಂಪಾಗುತ್ತಿತ್ತು. ಒಂದು ಮಾತನ್ನೂ ಬಿಡುವಂತಿರಲಿಲ್ಲ. ಬಿಟ್ಟರೆ ಹಿಂದಿನ ಸಾಲಿನಿಂದ ಸಣ್ಣಗೆ ಕೆಮ್ಮು ಕೇಳಿಸುತ್ತಿತ್ತು.

ಕೊನೆಗೊಬ್ಬ ವಯಸ್ಸಾದ ನರ್ಸಮ್ಮ ಬಂದರು. ಕಥೆಯನ್ನೆಲ್ಲ ಕೇಳಿದರು. ಅವರು ನಗಲಿಲ್ಲ.

"ಅಲ್ಲಾ ಸಾರ್, ಅವರು ಆವತ್ತೇ ನಿಮ್ಮನ್ನ ಕೇಳಿದ್ರಲ್ಲ, ಈ ಕಡೆ ಬಂದಿದ್ರಾ ಅಂತ. ಆಗಲೇ ಹೂಂ ಅಂದಿದ್ರೆ ಮುಗೀತಿತ್ತು. ಯಾಕೆ ಅನ್ಲಿಲ್ಲ?"

ನ್ಯಾಯಾಧೀಶರು ನೆಲ ನೋಡಿದರು. ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹೆಂಡತಿಯೂ ಕೇಳಿರಲಿಲ್ಲ. ಎದುರಿಗಿದ್ದವರಿಗೆ ಮಾತ್ರ ಮುಟ್ಟುವಷ್ಟು ಸಣ್ಣ ಧ್ವನಿಯಲ್ಲಿ ಉತ್ತರ ಹೊರಬಂತು:

"ಹೆದರಿಕೆಯಾಯ್ತಮ್ಮ. ನಾನು ಹೇಡಿ."

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ರೀ," ಎಂದರು ಪ್ರೊಫೆಸರಮ್ಮ, "ಸ್ವಲ್ಪ ಜೋರಾಗಿ ಹೇಳಿ. ಇಲ್ಲಿ ಹಿಂದೆ ಕೂತೋರಿಗೆ ಕೇಳಿಸ್ಲಿಲ್ಲ."